ಬಿಜಲಿಗೊಂದಿಷ್ಟು ಮಣ್ಣು

“ಹೋಗಿ ಹೇಳು ನಿಮ್ಮತ್ತೆಗೆ! ಹೆಣ ಮುಟ್ಟಿದ ಕೈನ ಚೆನ್ನಾಗಿ ಸೋಪ್ ಹಾಕಿ ತೊಳೀದೆ ನನ್ನ ಡಬ್ಬಿ ಮುಟ್ಟಿದ್ರೆ ನೋಡು!”

ಅಜ್ಜಿ ಅಡುಗೆಮನೆಯಿಂದಲೇ ಕೂಗಿದರು. ಅನಘಾ ಊಟದ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿದಳು. ಮೆಟ್ಟಿಲು ತಿರುಗುವ ಕಡೆ, ಲೋಳೆಸರದ ಕುಂಡದ ಪಕ್ಕ, ಎಂದಿನಂತೆ ನಿಂತಳು. ಅಜ್ಜಿಯ ಮಾತನ್ನು ಅವಳು ರಿಪೇರಿ ಮಾಡುತ್ತಿದ್ದ ಜಾಗ ಅದು.

“ಏನಂದ್ರು ಅಜ್ಜಿ?” ಮಹಡಿ ರೂಮಿನಲ್ಲಿ ಚೈತನ್ಯಾ ಅತ್ತೆ ತಲೆ ಎತ್ತದೆ ಕೇಳಿದರು.

“ಬಿಸಿ ಇರುವಾಗ್ಲೇ ತಿನ್ಬೇಕಂತೆ.”

“ಅಷ್ಟೇನಾ? ಸಿಕ್ಕಾಪಟ್ಟೆ ಜೋರಾಗಿ ಕೇಳಿಸ್ತಲ್ಲ?”

“ಮಿಕ್ಸಿ ಓಡ್ತಾ ಇತ್ತು. ಅದಕ್ಕೇ ಕೂಗಿದ್ರು,” ಎಂದಳು ಅನಘಾ. ಸುಳ್ಳು ಹೇಳುವಾಗ ಅವಳ ಮುಖ ಎಷ್ಟು ಮುಗ್ಧವಾಗಿರುತ್ತಿತ್ತೆಂದರೆ, ಯಾರಾದರೂ ನಂಬಲೇಬೇಕು.

ಚೈತನ್ಯಾ ಅತ್ತೆ ಅಪ್ಪನ ತಂಗಿ. ಅವರ ಕೆಲಸದ ಹೆಸರು ಟ್ಯಾಕ್ಸಿಡರ್ಮಿ. ಸತ್ತ ಹಕ್ಕಿಯ ಚರ್ಮವನ್ನು ಗರಿ ಕೊಂಕದ ಹಾಗೆ ಬಿಡಿಸಿ, ಹದ ಮಾಡಿ, ಒಳಗೆ ಹೊಸ ಮೈಯೊಂದನ್ನು ಕೂರಿಸಿ, ಬದುಕಿದ್ದಾಗ ಇದ್ದಂತೆಯೇ ನಿಲ್ಲಿಸುವ ಕೆಲಸ. ಮುಂಬೈಯಲ್ಲಿ ಒಬ್ಬರು ಮೇಷ್ಟ್ರ ಹತ್ತಿರ ಕಲಿತು, ಬಸವೇಶ್ವರನಗರದ ಮನೆಗೆ ಮರಳಿ, ಸ್ವಂತ ಕೆಲಸ ಶುರು ಮಾಡಿದ್ದರು. ಶುರು ಅಂದರೆ ಬರೀ ಶುರು. ಗಿರಾಕಿ ಅಂತ ಒಬ್ಬರೂ ಬಂದಿರಲಿಲ್ಲ.

ಕಾಡಿನ ಪ್ರಾಣಿ ಪಕ್ಷಿಗಳನ್ನು ಕಾನೂನಿನ ಪ್ರಕಾರ ಮುಟ್ಟುವ ಹಾಗಿಲ್ಲ. ಮನೆಯಲ್ಲಿ ಸಾಕಿದವನ್ನು ಮಾತ್ರ ಮಾಡಬಹುದು. ಅದಕ್ಕೇ ಅತ್ತೆ ಕೋಳಿ ಅಂಗಡಿಯಿಂದ ನಾಟಿಕೋಳಿ ತಂದು ಕೈ ಪಳಗಿಸಿಕೊಳ್ಳುತ್ತಿದ್ದರು. ಮೊದಲನೇ ಕೋಳಿ ಮುಳ್ಳಿನ ಮೇಲೆ ಕೂತ ಹಾಗಿತ್ತು. ಎರಡನೆಯದು ಹೋಮ್‌ವರ್ಕ್ ಮಾಡದವರನ್ನು ಮಿಸ್ ನೋಡುವ ಹಾಗೆ ನೋಡುತ್ತಿತ್ತು. ಮೂರನೆಯದು ಮಾತ್ರ ನಿಜವಾದ ಕೋಳಿಯ ಹಾಗೇ ನಿಂತಿತ್ತು. ಅನಘಾಗೆ ಅದನ್ನು ಕಂಡರೆ ಬಹಳ ಹೆಮ್ಮೆ.

ಅಜ್ಜಿಗೆ ಯಾವುದೂ ಹೆಮ್ಮೆಯಲ್ಲ. ಪಕ್ಕದ ಮನೆ ಕುಸುಮಾ ಆಂಟಿ “ಮಗಳು ಏನು ಮಾಡ್ತಿದ್ದಾಳೆ?” ಎಂದು ಕೇಳಿದಾಗ, “ಅದೇನೋ ಟ್ಯಾಕ್ಸಿ ಅಂತೆ” ಎಂದುಬಿಟ್ಟಿದ್ದರು. ಆಂಟಿ ಪಾಪ, ಏರ್‌ಪೋರ್ಟಿಗೆ ಹೋಗಲು ಎಷ್ಟಾಗುತ್ತದೆ ಎಂದು ವಿಚಾರಿಸಿದ್ದರು.

ಅಮ್ಮ ಮಗಳು ಮಾತು ಬಿಟ್ಟಿದ್ದು ಫ್ರಿಜ್‌ನಿಂದ. ಒಂದು ದಿನ ಅತ್ತೆ ಕೋಳಿಯನ್ನು ಕವರಿನಲ್ಲಿ ಸುತ್ತಿ ಮನೆಯ ಫ್ರೀಜರಿನಲ್ಲಿ ಇಟ್ಟುಬಿಟ್ಟರು. ಮೊಟ್ಟೆಯನ್ನೂ ತಾರದ ಮನೆ ಅದು. ಅಜ್ಜಿ ಐಸ್ ತೆಗೆಯಲು ಬಾಗಿಲು ತೆರೆದರು, ಕವರಿನಿಂದ ಒಂದು ಕೋಳಿಕಾಲು ಹೊರಗೆ ಚಾಚಿತ್ತು. ಅಜ್ಜಿ ಕಿರುಚಿದ್ದು ಬೀದಿ ತುದಿಯ ಐರನ್ ಅಂಗಡಿಯವರಿಗೂ ಕೇಳಿಸಿತಂತೆ. ಆಮೇಲೆ ಫ್ರಿಜ್‌ಗೆ ಸ್ನಾನವಾಯಿತು, ವಿಭೂತಿಯೂ ಬಿತ್ತು. ಅತ್ತೆ ಹಳೆಯ ಐಸ್‌ಕ್ರೀಮ್ ಫ್ರೀಜರ್ ಒಂದನ್ನು ಕೊಂಡು ಮಹಡಿಯಲ್ಲಿ ಇಟ್ಟುಕೊಂಡರು. ಅದರ ಮೇಲೆ ಈಗಲೂ ಒಂದು ಕೋನ್ ಐಸ್‌ಕ್ರೀಮಿನ ಚಿತ್ರ ನಗುತ್ತಿತ್ತು.

ಅವತ್ತಿನಿಂದ ಅಜ್ಜಿ ಮಹಡಿ ಹತ್ತಲಿಲ್ಲ. ಅತ್ತೆ ಊಟಕ್ಕೆ ಕೆಳಗಿಳಿಯಲಿಲ್ಲ. ಅಪ್ಪ ಅಮ್ಮ ಆಫೀಸಿನ ನೆಪ ಹೇಳಿ ಇಬ್ಬರ ಮಧ್ಯೆ ಬಾಯಿ ಹಾಕಲಿಲ್ಲ. ಡಬ್ಬಿ ಹೊರುವುದು, ಮಾತು ಹೊರುವುದು, ಎರಡೂ ಅನಘಾಳ ಪಾಲಿಗೆ ಬಂತು. ಮೇಲೆ ಹೋಗುವ ಮಾತಿನಿಂದ ಬೈಗುಳ ತೆಗೆಯುವಳು. ಕೆಳಗೆ ಬರುವ ಮಾತಿಗೆ ಬೆಣ್ಣೆ ಸವರುವಳು. ತನ್ನಿಂದಾಗಿಯೇ ಜಗಳ ದೊಡ್ಡದಾಗಿಲ್ಲ ಎಂದು ಅವಳಿಗೆ ಗಟ್ಟಿ ನಂಬಿಕೆ.

ಆದರೆ ಅಜ್ಜಿ ಒಂದು ಗಡುವು ಹಾಕಿದ್ದರು. ಶ್ರಾವಣ ಬರುವುದರೊಳಗೆ ಇದಕ್ಕೊಂದು ದಾರಿ ಆಗಬೇಕು, ಇಲ್ಲದಿದ್ದರೆ ರೂಮ್ ಖಾಲಿಯಾಗಬೇಕು. ರೂಮ್ ಖಾಲಿಯಾದರೆ ಅತ್ತೆ ಮತ್ತೆ ಮುಂಬೈಗೆ.

ಆ ಭಾನುವಾರ ಗೇಟಿನ ಬಳಿ ಒಬ್ಬರು ಬಂದು ನಿಂತರು. ಕೈಯಲ್ಲಿ ಶೂ ಡಬ್ಬಿ.

“ನಮಸ್ಕಾರ್ರಿ. ಸತ್ತ ಪಕ್ಷಿ ಇದ್ದಾಂಗ ಇಟ್ಟು ಕೊಡ್ತಾರಂತಲ್ರಿ, ಅವರ ಮನಿ ಇದೇ ಏನ್ರಿ?”

ಅನಘಾಗೆ ಕುಣಿಯುವಷ್ಟು ಖುಷಿಯಾಯಿತು. ಮೊದಲನೇ ಗಿರಾಕಿ! ಮೆಟ್ಟಿಲನ್ನು ಎರಡೆರಡಾಗಿ ಹಾರುತ್ತಾ ಅವರನ್ನು ಮೇಲೆ ಕರೆದೊಯ್ದಳು.

ಅವರ ಹೆಸರು ದೇವೇಂದ್ರಪ್ಪ. ಮೂಡಲಪಾಳ್ಯದಲ್ಲಿ ಪಂಕ್ಚರ್ ಅಂಗಡಿ, ಮನೆಯ ಮೇಲೆ ರೇಸಿನ ಪಾರಿವಾಳಗಳು. ಡಬ್ಬಿ ತೆರೆದರೆ ಒಳಗೆ ಟವೆಲ್ಲಿನಲ್ಲಿ ಬಿಳಿ ಪಾರಿವಾಳ ಮಲಗಿತ್ತು. ಕತ್ತಿನ ಸುತ್ತ ಬೂದು ಬಣ್ಣ, ಕಾಲಿನಲ್ಲಿ ಪುಟ್ಟ ಉಂಗುರ.

“ಬಿಜಲಿ ಅಂತ್ರಿ ಹೆಸರು. ಸೋಲಾಪುರದಾಗ ಬಿಟ್ರೂ ಸಂಜಿಯಾಗೂದ್ರಾಗ ಮನಿಗೆ ಬರ್ತಿದ್ಲು. ವಯಸ್ಸಾಗಿತ್ರಿ. ಬೆಳಿಗ್ಗಿ ನೋಡ್ತೀನಿ, ಗೂಡಿನ್ಯಾಗ ಮಲಗಿದಾಂಗ ಇದ್ಲು.” ಟವೆಲ್ಲಿನ ಅಂಚನ್ನು ಅದರ ಮೇಲೆ ಮೆಲ್ಲಗೆ ಹೊದಿಸಿ ಹೇಳಿದರು: “ಒಂದ್ ಮಾತ್ರಿ ಅಕ್ಕಾರ. ಚರ್ಮ, ರೆಕ್ಕಿ ನೀವು ತಗೋರಿ. ಉಳಿದದ್ದನ್ನ ಕಸದ ಗಾಡಿಗೆ ಹಾಕಬ್ಯಾಡ್ರಿ. ಮಣ್ಣಾಗ ಇಡ್ರಿ. ನಾ ಇರೂದು ಬಾಡಿಗಿ ಮನ್ಯಾಗ. ಸುತ್ತಮುತ್ತ ಎಲ್ಲಾ ಸಿಮೆಂಟು.”

ಅತ್ತೆ ತಲೆಯಾಡಿಸಿದರು. ದೇವೇಂದ್ರಪ್ಪ ಹೋದ ಮೇಲೆ ಬಿಜಲಿಯನ್ನು ಫ್ರೀಜರಿನಲ್ಲಿಟ್ಟು, ಅದರ ಮುಚ್ಚಳದ ಮೇಲೇ ಕೈಯೂರಿ ನಿಂತರು.

“ಅನು, ನಮ್ಮನೇಲಿ ಮಣ್ಣಿರೋದು ಒಂದೇ ಕಡೆ. ಹಿತ್ತಲಲ್ಲಿ, ದಾಸವಾಳದ ಗಿಡದ ಹತ್ರ. ಅಜ್ಜೀನ ಕೇಳ್ತೀಯಾ? ಬಿಜಲಿಗೆ ಅಲ್ಲೊಂದಿಷ್ಟು ಜಾಗ ಕೊಡ್ತಾರಾ ಅಂತ. ನಾನು ಕೇಳಿದ್ರೆ ಜಗಳ ಆಗತ್ತೆ. ನೀನಾದ್ರೆ ಕರಗ್ತಾರೆ.”

“ಪಾರ್ಕಲ್ಲಿ ಇಡೋಣ ಅತ್ತೆ.”

“ನಾಯಿಗಳು ತೋಡಿ ಹಾಕ್ತವೆ ಕಣೇ. ಮಾತು ಕೊಟ್ಟಿದ್ದೀನಿ. ಜಾಗ ಆಗೋವರೆಗೂ ನಾನು ಬಿಜಲಿ ಚರ್ಮ ಬಿಡಿಸೋದೇ ಇಲ್ಲ.”

ಅನಘಾ ಇಳಿದಳು. ಲೋಳೆಸರದ ಬಳಿ ನಿಂತಳು. ಅಜ್ಜಿ ಪೂಜೆಗೆ ಹೂ ಕೀಳುವುದು ಅದೇ ಗಿಡದಿಂದ! ಅದರ ಬುಡದಲ್ಲಿ ಹೆಣ ಹೂಳುತ್ತೇವೆಂದರೆ ಅಜ್ಜಿ ಇವತ್ತೇ ರೂಮ್ ಖಾಲಿ ಮಾಡಿಸುತ್ತಾರೆ.

“ಏನಂತೆ ಮಹಾರಾಣಿಗೆ?” ಅಜ್ಜಿ ಕೇಳಿದರು.

“ಚಟ್ನಿಪುಡಿ ಬೇಕಂತೆ ಅಜ್ಜಿ. ನೀವು ಮಾಡಿದ್ದೇ ಬೇಕಂತೆ.”

ಅಜ್ಜಿಯ ಮುಖ ಒಂದು ಗಳಿಗೆ ಅರಳಿತು. ಬಟ್ಟಲಿಗೆ ಪುಡಿ ಹಾಕುವಾಗ ಮತ್ತೆ ಗಂಟಿಕ್ಕಿಕೊಂಡಿತು. “ಕೇಳು ಅವಳನ್ನ! ಚರ್ಮ ತೆಗೆದು ಗೊಂಬೆ ಮಾಡ್ತಾಳೆ, ಸರಿ. ಒಳಗಿರೋದನ್ನ ಏನು ಮಾಡ್ತಾಳಂತೆ? ಎಲ್ಲಿ ಬಿಸಾಕ್ತಾಳಂತೆ? ಜೀವ ಇದ್ದ ಮೈ ಅದು! ಕೇಳ್ಕೊಂಡು ಬಾ.”

ಲೋಳೆಸರದ ಬಳಿ ಅನಘಾ ಈ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದಳು. ಎಲ್ಲಾ ಕಡೆಯೂ ಖಾರವೇ.

“ಅಜ್ಜಿ ಏನಂದ್ರು?” ಅತ್ತೆ ಆಸೆಯಿಂದ ಕೇಳಿದರು.

“ಚಟ್ನಿಪುಡಿ ಕೊಟ್ರು. ಯೋಚ್ನೆ ಮಾಡಿ ಹೇಳ್ತಾರಂತೆ.”

ಮಾರನೆಯ ದಿನವೂ ಅತ್ತೆ ಅದನ್ನೇ ಕೇಳಿ ಕಳಿಸಿದರು. ಅಜ್ಜಿಯೂ ಅದನ್ನೇ ಕೇಳಿ ಕಳಿಸಿದರು. ಮೇಲಿನ ಪ್ರಶ್ನೆ ಮೇಲೇ ಉಳಿಯಿತು, ಕೆಳಗಿನದು ಕೆಳಗೇ. ಮಧ್ಯೆ ಉಪ್ಪಿನಕಾಯಿ, ಹಪ್ಪಳ, “ಊಟ ಆಯ್ತಾ”, “ಸಾರು ಸೂಪರ್” ಇವಷ್ಟೇ ಓಡಾಡಿದವು. ಬಿಜಲಿ ಕೋನ್ ಐಸ್‌ಕ್ರೀಮಿನ ಚಿತ್ರದ ಹಿಂದೆ ಸುಮ್ಮನೆ ಮಲಗಿದ್ದಳು.

ಶ್ರಾವಣ ಇನ್ನೇನು ಬಂತು ಅನ್ನುವಾಗ, ಒಂದು ಸಂಜೆ ಅನಘಾ ಸ್ಕೂಲಿಂದ ಬಂದು ನೋಡಿದರೆ ಅತ್ತೆಯ ಸಾಮಾನೆಲ್ಲ ರಟ್ಟಿನ ಪೆಟ್ಟಿಗೆಗೆ ಹೋಗುತ್ತಿತ್ತು. ಸಣ್ಣ ಕತ್ತರಿಗಳು, ಬ್ರಶ್ಶುಗಳು, ಗಾಜಿನ ಕಣ್ಣುಗಳ ಡಬ್ಬಿ. ಮೂರನೇ ಕೋಳಿಗೂ ಪೇಪರ್ ಸುತ್ತಿ ಆಗಿತ್ತು.

“ಅತ್ತೆ, ಏನ್ ಮಾಡ್ತಾ ಇದೀರಾ?”

“ಎಷ್ಟು ಸಲ ಕೇಳಿ ಕಳಿಸ್ದೆ ಅನು. ಬೇಡ ಅಂತಾದ್ರೂ ಅನ್ನಬಹುದಿತ್ತು. ಉತ್ತರಾನೇ ಇಲ್ಲ.” ಅತ್ತೆ ಅಳುತ್ತಿರಲಿಲ್ಲ, ಆದರೆ ಮೂಗು ಕೆಂಪಾಗಿತ್ತು. “ದೇವೇಂದ್ರಪ್ಪ ಅವರಿಗೆ ಬಿಜಲೀನ ವಾಪಸ್ ಕೊಟ್ಬಿಡ್ತೀನಿ. ರೂಮ್ ಖಾಲಿ ಮಾಡ್ತೀನಿ ಅಂತ ಅಜ್ಜಿಗೆ ಹೇಳು ಹೋಗು.”

ಅನಘಾ ಲೋಳೆಸರದ ಬಳಿ ಕುಸಿದು ಕೂತಳು. ಈ ಮಾತಿನಿಂದ ಏನು ತೆಗೆಯುವುದು? ಇದಕ್ಕೆ ಯಾವ ಬೆಣ್ಣೆ ಸವರುವುದು? ಎಷ್ಟು ಹೊತ್ತು ಕೂತರೂ ಹೊಳೆಯಲಿಲ್ಲ.

ಕೆಳಗೆ ಅಜ್ಜಿ ಹೂಬತ್ತಿ ಹೊಸೆಯುತ್ತಿದ್ದರು. ಅನಘಾ ಬಾಯಿ ತೆರೆಯುವ ಮೊದಲೇ ತಮ್ಮಷ್ಟಕ್ಕೆ ಗೊಣಗಿದರು. “ಒಂದು ಮಾತು ಕೇಳಿ ಕಳಿಸಿದ್ರೆ ಉತ್ತರ ಕೊಡಲ್ಲ. ಹೆತ್ತವಳು ಅಂದ್ರೆ ಅಷ್ಟು ಸಸಾರ ಆಗೋಯ್ತಾ?”

ಅನಘಾಗೆ ತಡೆಯಲಾಗಲಿಲ್ಲ. ಜೋರಾಗಿ ಅತ್ತುಬಿಟ್ಟಳು.

“ಅತ್ತೆಗೆ ಗೊತ್ತೇ ಇಲ್ಲ ಅಜ್ಜಿ! ನಾನು ಹೇಳೇ ಇಲ್ಲ. ನೀವು ಹೇಳಿದ್ದು ಯಾವುದನ್ನೂ ಹೇಳಿಲ್ಲ. ಅತ್ತೆ ಕೇಳಿದ್ದನ್ನೂ ನಿಮಗೆ ಹೇಳಿಲ್ಲ. ಚಟ್ನಿಪುಡೀನೂ ಅವರು ಕೇಳಿರ್ಲಿಲ್ಲ!”

ಬತ್ತಿ ಹೊಸೆಯುವ ಕೈ ನಿಂತಿತು. “ಯಾಕೆ ಹೇಳ್ಲಿಲ್ಲ?”

“ನಿಮ್ಮ ಮಾತು ಖಾರ ಇರತ್ತೆ. ಅತ್ತೆಗೆ ಬೇಜಾರಾಗತ್ತೆ ಅಂತ ಖಾರ ತೆಗೆದು ಹೇಳ್ತಿದ್ದೆ.”

ಅಜ್ಜಿ ಹೂಬತ್ತಿಗಳನ್ನು ಪಕ್ಕಕ್ಕೆ ಸರಿಸಿದರು. ಬೈಯುತ್ತಾರೆಂದು ಅನಘಾ ಕಣ್ಣು ಮುಚ್ಚಿಕೊಂಡಳು.

“ಖಾರ ತೆಗೆದು ಕೊಟ್ರೆ ಅದು ನನ್ನ ಸಾರು ಹೇಗಾಗತ್ತೆ ಕಂದಾ?” ಎಂದರು ಅಜ್ಜಿ. ಸೆರಗಿನಿಂದ ಅವಳ ಮೂಗು ಒರೆಸಿದರು. “ಅವಳೇನು ಕೇಳಿದ್ಲು? ಹೇಳು. ಒಂದಕ್ಷರಾನೂ ಬಿಡಬೇಡ.”

ಅನಘಾ ಎಲ್ಲವನ್ನೂ ಹೇಳಿದಳು. ಬಿಜಲಿ, ಸೋಲಾಪುರ, ಸಿಮೆಂಟು, ದಾಸವಾಳದ ಬುಡ. ಜಾಗ ಸಿಗುವವರೆಗೆ ಅತ್ತೆ ಬಿಜಲಿಯನ್ನು ಮುಟ್ಟಿಲ್ಲ ಅನ್ನುವುದನ್ನೂ ಹೇಳಿದಳು. ಕೇಳುತ್ತಾ ಕೇಳುತ್ತಾ ಅಜ್ಜಿಯ ಗಂಟು ಹಾಕಿದ ಹುಬ್ಬು ನಿಧಾನಕ್ಕೆ ಸಡಿಲವಾಯಿತು.

“ನಾನು ಕೇಳಿದ್ದೂ ಅದೇ ಅಲ್ವೇನೇ! ನಿಮ್ಮಜ್ಜನ್ನೂ ಮಣ್ಣಿಗೇ ಇಟ್ಟಿದ್ದು. ನಮ್ಮಲ್ಲಿ ಹಾಗೇ. ಮಣ್ಣಿಗೆ ಸೇರಬೇಕಾದ್ದನ್ನ ಇವಳು ಕಸಕ್ಕೆ ಹಾಕ್ತಾಳೇನೋ ಅಂತಾನೇ ನಂಗೆ ಸಂಕಟ. ಹೋಗು, ನಾನು ಹೇಳಿದ್ದನ್ನೇ ಹೇಳು. ನನ್ನ ಥರಾನೇ ಹೇಳು.”

ಈ ಸಲ ಅನಘಾ ಲೋಳೆಸರದ ಬಳಿ ನಿಲ್ಲಲಿಲ್ಲ. ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು, ಅಜ್ಜಿಯ ದನಿಯಲ್ಲೇ ಕೂಗಿದಳು. “ಒಳಗಿರೋದನ್ನ ಏನು ಮಾಡ್ತಾಳಂತೆ? ಎಲ್ಲಿ ಬಿಸಾಕ್ತಾಳಂತೆ? ಜೀವ ಇದ್ದ ಮೈ ಅದು!”

ಅತ್ತೆ ಬೆಚ್ಚಿಬಿದ್ದರು. “ಇದನ್ನ ಅಮ್ಮ ಯಾವಾಗ ಅಂದ್ರು?”

“ಭಾನುವಾರದಿಂದ ದಿನಾ ಕೇಳ್ತಾ ಇದಾರೆ. ನಾನು...” ಮುಂದಿನದು ಹೇಳಲು ಅವಳಿಗೆ ನಾಚಿಕೆಯಾಯಿತು. ಆದರೂ ಹೇಳಿದಳು.

ಅತ್ತೆಗೆ ನಗು ಬಂತು, ಜೊತೆಗೇ ಕಣ್ಣಲ್ಲಿ ನೀರೂ ಬಂತು. ಪೆಟ್ಟಿಗೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಫ್ರೀಜರಿನಿಂದ ಬಿಜಲಿಯನ್ನು ಹೊರಗೆ ತೆಗೆದಿಟ್ಟರು.

ಮಾರನೆಯ ದಿನ ಅತ್ತೆ ಬೆಳಗಿನಿಂದ ಕೆಲಸಕ್ಕೆ ಕೂತರು. ಸಂಜೆ ಒಂದು ಪುಟ್ಟ ಬಿಳಿ ಬಟ್ಟೆಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಹಿತ್ತಲಿಗೆ ಇಳಿದು ಬಂದರು. ಅಜ್ಜಿ ಮೊದಲೇ ಗುಂಡಿ ತೋಡಿ ಕಾಯುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಅಜ್ಜಿ ಗುಂಡಿಯೊಳಗೆ ಒಂದು ಚಿಟಿಕೆ ವಿಭೂತಿ ಹಾಕಿದರು. ಅತ್ತೆ ಗಂಟನ್ನು ಇಟ್ಟರು. ಮೂವರೂ ಮಣ್ಣು ಹಾಕಿದರು.

“ಇನ್ನೂ ಆಳ ತೋಡಬೇಕಿತ್ತೇನೋ,” ಎಂದರು ಅತ್ತೆ.

“ನನಗೆ ಹೇಳಿಕೊಡ್ತೀಯಾ?” ಎಂದರು ಅಜ್ಜಿ. “ಶ್ರಾವಣ ಮುಗಿಯೋವರೆಗೂ ಕೋಳಿ ಗೀಳಿ ಮನೆಗೆ ತರಬೇಡ. ಆಮೇಲೆ ಏನಾದ್ರೂ ಮಾಡ್ಕೋ. ಮಹಡಿ ಮೇಲೆ ಮಾತ್ರ.”

ಅಜ್ಜಿ “ಹೂಂ” ಅನ್ನುವುದು ಹೀಗೇ ಎಂದು ಅನಘಾಗೆ ಮೊದಲ ಸಲ ತಿಳಿಯಿತು.

ಬಿಜಲಿ ಒಣಗಿ ಸಿದ್ಧಳಾಗಲು ವಾರಗಳೇ ಹಿಡಿದವು. ಕತ್ತು ಒಂಚೂರು ಓರೆ ಮಾಡಿ, ಈಗಷ್ಟೇ ಮನೆ ಕಂಡವಳ ಹಾಗೆ ನಿಂತಿದ್ದಳು. ಅತ್ತೆ ಅವಳನ್ನು ಅನಘಾಳ ಅಂಗೈ ಮೇಲೆ ಇಟ್ಟರು.

“ಇಷ್ಟು ಹಗುರಾನಾ ಅತ್ತೆ?”

“ಹೊರಗಿಂದು ಮಾತ್ರ ಅವಳದ್ದು. ಒಳಗೆ ಬರೀ ಹೊಟ್ಟು, ತಂತಿ.”

ಅನಘಾಗೆ ತಾನು ಅಷ್ಟು ದಿನ ಮೇಲೆ ಕೆಳಗೆ ಹೊತ್ತ ಮಾತುಗಳ ನೆನಪಾಯಿತು. ಅವೂ ಹೀಗೇ ಹಗುರವಾಗಿದ್ದವು.

ನಾಳೆ ದೇವೇಂದ್ರಪ್ಪ ಬರುವವರಿದ್ದರು. ಅತ್ತೆ ಬಿಜಲಿಯ ಕಣ್ಣಂಚನ್ನು ಇನ್ನಷ್ಟು ತಿದ್ದಲು ಕೂತರು. ಅನಘಾ ಕೆಳಗಿಳಿದರೆ ಅಡುಗೆಮನೆಯಿಂದ ಕೂಗು ಬಂತು.

“ಏನೇ, ನಿಮ್ಮತ್ತೆಗೆ ಹೊತ್ತು ಗೊತ್ತು ಏನಾದ್ರೂ ಇದೆಯಾ? ಅನ್ನ ಆರಿ ತಣ್ಣಗಾಯ್ತು. ಸತ್ತಿದ್ದರ ಮುಖ ನೋಡಿದ್ದು ಸಾಕು, ಬದುಕಿರೋ ಅಮ್ಮನ ಮುಖಾನೂ ಒಂದ್ಸಲ ಬಂದು ನೋಡು ಅನ್ನು ಹೋಗು!”

ಅನಘಾ ಮೆಟ್ಟಿಲು ಹತ್ತಿದಳು. ಅಭ್ಯಾಸಬಲ, ಲೋಳೆಸರದ ಬಳಿ ಕಾಲು ನಿಂತಿತು. ಮಾತನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಅಂದುಕೊಂಡಳು. ತೆಗೆಯುವಂಥದ್ದು ಏನೂ ಕಾಣಿಸಲಿಲ್ಲ.

ಬಾಗಿಲಲ್ಲಿ ನಿಂತು, ಸೊಂಟದ ಮೇಲೆ ಕೈಯಿಟ್ಟು, ಅಷ್ಟನ್ನೂ ಅಷ್ಟೇ ಜೋರಾಗಿ ಹೇಳಿದಳು.

ಅತ್ತೆಯ ಕೈಯಲ್ಲಿದ್ದ ಬ್ರಶ್ ಹಾಗೇ ನಿಂತಿತು. ಅದನ್ನು ಕೆಳಗಿಟ್ಟು, ಗ್ಲೌಸ್ ಕಳಚಿ, ಸೋಪ್ ಹಾಕಿ ಚೆನ್ನಾಗಿ ಕೈ ತೊಳೆದುಕೊಂಡರು.

“ನಡಿ,” ಎಂದರು. “ನಂಗೂ ಒಂದು ತಟ್ಟೆ ಹಾಕು.”