ಶೈಲಶ್ರೀ ಅನಮೋಡಕ್ಕೆ ಹೋಗಲಿಲ್ಲ

"ಶೈಲಾ, ಒಂದ ನಿಮಿಷ ನಿಂದರ!"

ದಾಂಡೇಲಿ ಬಸ್‌ಸ್ಟ್ಯಾಂಡಿನಲ್ಲಿ ಓಡೋಡಿ ಬಂದವನನ್ನು ನೋಡಿ ಶೈಲಶ್ರೀಗೆ ನಗುವೂ ಬಂತು, ಸಿಟ್ಟೂ ಬಂತು. ಬಂಗೂರನಗರದ ಕಂಪ್ಯೂಟರ್ ಕ್ಲಾಸಿನ ಪಕ್ಕದ ಕುರ್ಚಿಯ ತುಳಸಿರಾಮ, ಮುಂಡಗೋಡ ಕಡೆಯ ಹುಡುಗ. ಕೀಬೋರ್ಡಿಗಿಂತ ಅವಳನ್ನು ನೋಡುವುದೇ ಜಾಸ್ತಿ. ಸಿಕ್ಕಿಬಿದ್ದರೆ ಫ್ಯಾನ್ ನೋಡುವ ನಾಟಕ ಬೇರೆ!

"ಅನಮೋಡಕ್ಕ ಹೋಗಬ್ಯಾಡ."

"ಯಾಕ? ನನಗ ನೌಕರಿ ಸಿಕ್ಕಿದ್ದಕ್ಕ ಹೊಟ್ಟಿಕಿಚ್ಚೇನು?"

ಗೋವಾದ ದೊಡ್ಡ ರೆಸಾರ್ಟಿನಲ್ಲಿ ರಿಸೆಪ್ಶನ್ ಕೆಲಸ. ಇಂಟರ್‌ವ್ಯೂ ಗಿಂಟರ್‌ವ್ಯೂ ಏನಿಲ್ಲ. ಗೋವಾ ಗಡಿಯ ಅನಮೋಡ ಚೆಕ್‌ಪೋಸ್ಟಿನ ಹತ್ತಿರ ಗಾಡಿ ಬರುತ್ತದೆ, ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಕೊಟ್ಟು ಹತ್ತಿದರಾಯಿತು. ಫೋನಿನವನು ಅಪ್ಪಟ ಧಾರವಾಡದ ಮಾತಿನಲ್ಲಿ 'ತಂಗೀ' ಅಂದಿದ್ದ, ಅಜ್ಜನ ಊರಿನವನೇ ಅಂದಿದ್ದ. ದಾಂಡೇಲಿಯ ಕಾಗದದ ಮಿಲ್ಲಿನ ಕೆಲಸಕ್ಕೆ ಧಾರವಾಡದ ಕಡೆಯಿಂದ ಬಂದ ಮನೆತನ ಶೈಲಶ್ರೀಯದು. "ನಮ್ಮ ಕಡೆ ಮನಷ್ಯಾ ಅದಾನವಾ, ಹೋಗಿ ಬಾ" ಎಂದು ಅಪ್ಪ ಶೇಖಪ್ಪ ಅಷ್ಟಕ್ಕೇ ಒಪ್ಪಿಬಿಟ್ಟಿದ್ದರು.

ತುಳಸಿರಾಮ ಏದುಸಿರು ಬಿಡುತ್ತ ಹೇಳಿದ. "ನಮ್ಮ ಕ್ಲಾಸಿನ ಜೋಯಿಡಾದ ಪೂರ್ಣಿಮಾಗೂ ನೀ ನಿನ್ನೆ ತೋರಿಸಿದ್ದ ಅದ ನಂಬರಿಂದ ಫೋನ್ ಬಂದಿತ್ತು. ಆಕೀ ಜೋಡಿ ಕೊಂಕಣಿ ಮಾತಾಡ್ಯಾನ. ಆಕೀ ಊರಿನವ ಅಂತ ಹೇಳ್ಯಾನ!"

"ನನಗೂ ನಮ್ಮಜ್ಜನ ಊರಿನವ ಅಂದಿದ್ದ!" ಎಂದಳು ಶೈಲಶ್ರೀ.

"ನನ್ನೂ ನಂಬಬ್ಯಾಡ. ರೆಸಾರ್ಟಿನ ವೆಬ್‌ಸೈಟಿನಾಗ ನಂಬರ್ ಇರ್ತದ, ನೀನ ಕೇಳು."

ಅಲ್ಲೇ ಫೋನ್ ಮಾಡಿ ಕೇಳಿದಳು. ನಾವು ಯಾರನ್ನೂ ಕರೆದಿಲ್ಲ, ಒರಿಜಿನಲ್ ಯಾರಿಗೂ ಕೊಡಬೇಡಿ ಎಂದು ಆ ಕಡೆಯ ಹೆಂಗಸು ಹಿಂದಿಯಲ್ಲಿ ಮೆತ್ತಗೆ ಹೇಳಿದಳು. ಬಸ್ಸು ಹಾರ್ನ್ ಹೊಡೆದು ಹೊರಟುಹೋಯಿತು. ಆ ಗಾಡಿ ಹತ್ತಿಬಿಟ್ಟಿದ್ದರೆ ಎಲ್ಲಿಗೆ ಒಯ್ಯುತ್ತಿದ್ದರೋ! ಅವಳು ಫೈಲನ್ನು ಎದೆಗವಚಿಕೊಂಡು ಅಲ್ಲೇ ಕೂತು ಅತ್ತುಬಿಟ್ಟಳು.

ಪೊಲೀಸ್ ಠಾಣೆಗೆ ಹೋಗಿ ಆ ನಂಬರ್ ಕೊಟ್ಟು ಬಂದ ಮೇಲೆ ಇಬ್ಬರೂ ಚಾ ಅಂಗಡಿಯಲ್ಲಿ ಕೂತರು.

"ನೀ ಬರದಿದ್ರ..." ಅವಳು ಚಾದ ಬಸಿಯನ್ನು ಅವನತ್ತ ಸರಿಸಿದಳು. "ದೇವರು ನಿನ್ನ ಚೊಲೋ ಇಟ್ಟಿರಲಿ."

"ನೀ ಬಸ್ ಹತ್ತಿದ್ದಿ ಅಂದ್ರ ನನ್ನ ಜೀವಾನ ಹೋಗ್ತಿತ್ತು."

"ಯಾಕ?"

ಅವನ ಕಿವಿ ಕೆಂಪಾದವು. ಬಸಿಯಲ್ಲಿದ್ದ ಚಾ ಆರುತ್ತಿತ್ತು.

"ನೀ ಅಂದ್ರ ನನಗ ಭಾಳ ಇಷ್ಟ ಶೈಲಾ. ಆದ್ರ ಇವತ್ತ ಏನೂ ಹೇಳಬ್ಯಾಡ. ಉಪಕಾರ ಆತಂತ ಹೂಂ ಅಂದ್ರ ನನಗದು ಬ್ಯಾಡ."

ಶೈಲಶ್ರೀ ಕಣ್ಣೊರೆಸಿಕೊಂಡು ಅವನನ್ನು ನೇರವಾಗಿ ನೋಡಿದಳು. ಹಾಗೆ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದು ಅದೇ ಮೊದಲು.

"ಉಪಕಾರ ಸಾಯೂತನಕ ನೆನಸ್ತೇನಿ. ಅದು ಬ್ಯಾರೆ. ಆದ್ರ ದಿನಾ ಕ್ಲಾಸಿನಾಗ ನೀ ಬರೂತನಕ ಬಾಗಲಾ ನೋಡ್ಕೋತ ಕುಂದರ್ತಿದ್ನಲ್ಲ, ಆವಾಗ ನೀ ನನಗ ಯಾವ ಉಪಕಾರ ಮಾಡಿದ್ದಿ, ಹುಚ್ಚಪ್ಪಾ?"