ನೆಟ್ಟಗಾದ ಸೈಕಲ್

ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಠಾಣೆಗೆ ಬಂದ ದೂರಿನಲ್ಲಿ ಕಳುವಾದ ಮಾಲು ಒಂದೇ: ಮಕ್ಕಳ ಸೈಕಲ್, ಕೆಂಪು ಬಣ್ಣ, ನುಜ್ಜುಗುಜ್ಜಾದದ್ದು. ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಕೊನೆಯ ಪದಕ್ಕೆ ಪೆನ್ನು ನಿಲ್ಲಿಸಿದ. ಅವನನ್ನು ಠಾಣೆಯಲ್ಲಿ ಎಲ್ಲರೂ ಮೀಸೆ ಎಂದೇ ಕರೆಯುತ್ತಿದ್ದರು. ಹೊಸ ಸೈಕಲ್ಲು, ಹಳೇ ಸೈಕಲ್ಲು ಎರಡೂ ಕಳುವಾದದ್ದನ್ನು ಅವನು ಕಂಡಿದ್ದ. ಗುಜರಿಯವನೂ ತಿರುಗಿ ನೋಡದ ಸೈಕಲ್ಲಿಗೆ ಎಫ್‌ಐಆರ್ ಬರೆಯುವುದು ಇದೇ ಮೊದಲು.

ದೂರು ತಂದವರು ರಸ್ತೆ ಸುರಕ್ಷತೆಗಾಗಿ ದುಡಿಯುವ ಸಂಸ್ಥೆಯೊಂದರ ನಿರ್ದೇಶಕಿ. ಶಾಲೆಗಳ ಮುಂದೆ ವಾಹನಗಳ ವೇಗಕ್ಕೆ ಮಿತಿ ಹಾಕುವ ಕಾನೂನು ತರಿಸಲೆಂದು ಸಂಸ್ಥೆಗೆ ವಿದೇಶದಿಂದ ಅನುದಾನ ಬಂದಿತ್ತು. ಕರಡು ಬರೆಸುವುದು, ಶಾಸಕರಿಗೆ ಮನವರಿಕೆ ಮಾಡುವುದು, ಊರೂರಿನ ಸಭೆ, ಎಲ್ಲವೂ ಅದರಲ್ಲೇ ನಡೆಯುತ್ತಿತ್ತು. ಮರುದಿನ ಹನ್ನೊಂದು ಗಂಟೆಗೆ ಶಾಸಕರ ಸಮಿತಿಯ ಮುಂದೆ ಮಸೂದೆಯ ಕೊನೆಯ ವಿಚಾರಣೆ. ಶಾಲೆಯ ಗೇಟಿನೆದುರೇ ವ್ಯಾನ್ ಬಡಿದು ಸತ್ತ ಹುಡುಗಿಯೊಬ್ಬಳ ಸೈಕಲ್ ಅದು. ಅದನ್ನು ಎದುರಿಗಿಟ್ಟು ಹುಡುಗಿಯ ತಾಯಿ ಮಾತಿಗೆ ನಿಂತರೆ ಎಂಥ ವಾಚಾಳಿ ಶಾಸಕನ ಬಾಯಿಯೂ ಕಟ್ಟುತ್ತಿತ್ತು. ಸೈಕಲ್ ಇಲ್ಲದಿದ್ದರೆ ಮಸೂದೆ ಮೂಲೆ ಸೇರುತ್ತದೆಂದು ನಿರ್ದೇಶಕಿಗೆ ಭಯ. ಅನುಮಾನ ಯಾರ ಮೇಲೆಂದು ಕೇಳಿದಾಗ ತಡಮಾಡದೆ, ಮಸೂದೆಯನ್ನು ವಿರೋಧಿಸುತ್ತಿದ್ದ ಬಸ್ ಮಾಲೀಕರ ಸಂಘದ ಹೆಸರು ಹೇಳಿದರು.

ಹತ್ತೂವರೆಗೆ ಇನ್‌ಸ್ಪೆಕ್ಟರ್ ಮೀಸೆ ಮತ್ತು ಇಬ್ಬರು ಪಂಚರೊಂದಿಗೆ ಸಂಸ್ಥೆಯ ಕಚೇರಿಗೆ ಹೋಗಿ ಪಂಚನಾಮೆ ನಡೆಸಿದರು. ಕಂಪ್ಯೂಟರು, ಪ್ರೊಜೆಕ್ಟರು, ಬೆಲೆಬಾಳುವ ಕ್ಯಾಮೆರಾ ಇದ್ದಲ್ಲೇ ಇದ್ದವು. ಶನಿವಾರ ಸಂಜೆ ಇದ್ದ ಸೈಕಲ್ ಮಾತ್ರ ಸೋಮವಾರ ಬಾಗಿಲು ತೆಗೆದಾಗ ಇರಲಿಲ್ಲ. ಬೀಗ ಒಡೆದಿರಲಿಲ್ಲ. ಕೀಲಿಕೈ ಮೂವರ ಬಳಿ: ನಿರ್ದೇಶಕಿ, ಲೆಕ್ಕಿಗ, ಮತ್ತು ಅಲ್ಲೇ ಕೆಲಸಕ್ಕೆ ಸೇರಿಕೊಂಡಿದ್ದ ಆ ತಾಯಿ. ಭಾನುವಾರ ಬ್ಯಾಗು ಮನೆಯಲ್ಲೇ ಬಿಟ್ಟು ಅಕ್ಕನ ಮನೆಗೆ ಹೋಗಿದ್ದೆ, ಕೀಲಿಕೈ ಅದರಲ್ಲೇ ಇತ್ತು, ಈಗಲೂ ಇದೆ ಎಂದು ಆಕೆ ತೆಗೆದು ತೋರಿಸಿದಳು.

ಸೈಕಲ್ಲನ್ನು ಬಿಗಿದಿದ್ದ ಕಬ್ಬಿಣದ ಸ್ಟ್ಯಾಂಡು ಖಾಲಿ ನಿಂತಿತ್ತು. ಅದರ ನಾಲ್ಕು ಬೋಲ್ಟುಗಳೂ ತಂತಮ್ಮ ತೂತಿನಲ್ಲೇ ಇದ್ದವು, ಬೆರಳಲ್ಲಿ ತಿರುಗಿಸಿದಷ್ಟು ಮಾತ್ರ ಬಿಗಿಯಾಗಿ.

“ಕಳ್ಳ ಬೋಲ್ಟ್ ವಾಪಸ್ ಹಾಕಿ ಹೋಗ್ತಾನಾ ಸಾರ್?” ಎಂದು ಮೀಸೆ ಕೇಳಿದ.

“ವರ್ಕ್‌ಶಾಪಿನವನಾದ್ರೆ ಹಾಕ್ತಾನೆ.”

ಬಿಚ್ಚಿದ ಬೋಲ್ಟು ಕಳೆದುಹೋಗದಿರಲೆಂದು ಅದರ ತೂತಿಗೇ ತಿರುಗಿಸಿಡುವುದು ವರ್ಕ್‌ಶಾಪಿನವರ ಕೈಗೆ ಹತ್ತಿದ ಅಭ್ಯಾಸ. ಠಾಣೆಯ ಜೀಪು ತಿಂಗಳಲ್ಲಿ ಹದಿನೈದು ದಿನ ಗ್ಯಾರೇಜಿನಲ್ಲೇ ಬಿದ್ದಿರುತ್ತಿದ್ದುದರಿಂದ ಇನ್‌ಸ್ಪೆಕ್ಟರಿಗೆ ಇಷ್ಟು ವಿದ್ಯೆ ಬಂದಿತ್ತು.

ಬಸ್ ಮಾಲೀಕರಿಗೂ ವರ್ಕ್‌ಶಾಪ್ ಇತ್ತಲ್ಲ, ಆದ್ದರಿಂದ ಮೊದಲು ಅಲ್ಲಿಗೇ ಹೋದರು. ಸಂಘದ ಕಾರ್ಯದರ್ಶಿ ಹೊಟ್ಟೆ ಕುಲುಕುವಂತೆ ನಕ್ಕ. ಮಸೂದೆ ತಡೆಯಲು ತಮಗೆ ವಕೀಲರಿದ್ದಾರೆ, ಮುರುಕು ಸೈಕಲ್ ಕದಿಯುವಷ್ಟು ಗತಿಗೆಟ್ಟಿಲ್ಲ ಎಂದ. ಅವನ ಮೆಕ್ಯಾನಿಕ್ಕುಗಳೆಲ್ಲ ಭಾನುವಾರವಿಡೀ ಹೆದ್ದಾರಿಯಲ್ಲಿ ಕೆಟ್ಟುನಿಂತ ಬಸ್ಸಿನ ಕೆಳಗೆ ಮಲಗಿದ್ದರು. ಮೀಸೆ ಆ ಬಸ್ಸಿನ ಪ್ರಯಾಣಿಕರಿಬ್ಬರನ್ನು ಫೋನಿನಲ್ಲಿ ವಿಚಾರಿಸಿದ, ಮಾತು ನಿಜವಾಗಿತ್ತು.

ಮಧ್ಯಾಹ್ನ ಕಚೇರಿಗೆ ಮರಳಿ ಲೆಕ್ಕಿಗನನ್ನು ಕೂರಿಸಿಕೊಂಡರು.

“ಈ ಸೈಕಲ್ ಬೇಕು ಅಂತ ಯಾರಾದ್ರೂ ಕೇಳಿದ್ರಾ?”

“ಹುಡುಗಿ ತಂದೆ ಕೇಳಿದ್ರು ಸಾರ್. ಮೂರು ತಿಂಗಳಾಯ್ತು.”

“ಏನು ಹೇಳಿದ್ರಿ?”

“ಕೊಡೋಕೆ ಬರಲ್ಲ ಅಂದೆ. ಅದಕ್ಕೆ ಆಸ್ತಿ ನಂಬರ್ ಬಿದ್ದಿದೆ.”

ಅನುದಾನದ ಷರತ್ತಿನಂತೆ ಕಚೇರಿಯ ಪ್ರತಿ ವಸ್ತುವಿಗೂ ನಂಬರಿನ ಚೀಟಿ ಅಂಟಿಸಬೇಕಿತ್ತು. ಲೆಕ್ಕಿಗ ಕುರ್ಚಿಗೆ ಅಂಟಿಸಿದ, ಫ್ಯಾನಿಗೆ ಅಂಟಿಸಿದ, ಅದೇ ಕೈಯಲ್ಲಿ ಸತ್ತ ಹುಡುಗಿಯ ಸೈಕಲ್ಲಿಗೂ ಅಂಟಿಸಿದ. ಅಂದಿನಿಂದ ಅದು ಯೋಜನೆಯ ಆಸ್ತಿ. ಯೋಜನೆ ಮುಗಿದ ಮೇಲೆ ಅರ್ಜಿ ಹಾಕಿ ಎಂದು ಆ ತಂದೆಗೆ ಮರ್ಯಾದೆಯಿಂದಲೇ ಹೇಳಿ ಕಳಿಸಿದ್ದ. ಹೇಳುವಂಥ ವಿಷಯವೆಂದು ಅನಿಸದೆ ನಿರ್ದೇಶಕಿಗೂ ತಿಳಿಸಿರಲಿಲ್ಲ. ಅವನು ಕೆಟ್ಟವನಲ್ಲ, ಆದರೂ ಇನ್‌ಸ್ಪೆಕ್ಟರಿಗೆ ಅವನ ಮೇಲೆ ಸಿಟ್ಟು ಬಂತು.

ತಂದೆ ಸರ್ಕಾರಿ ಬಸ್ ಡಿಪೋದಲ್ಲಿ ಫಿಟ್ಟರ್. ನಾಲ್ಕು ಗಂಟೆಗೆ ಡಿಪೋ ತಲುಪಿದಾಗ ಅವನು ವೆಲ್ಡಿಂಗ್ ಶೆಡ್ಡಿನ ಹಿಂಭಾಗದಲ್ಲಿ ಕುಕ್ಕರಗಾಲಲ್ಲಿ ಕೂತು ಚಕ್ರಕ್ಕೆ ಗಾಳಿ ತುಂಬುತ್ತಿದ್ದ. ಪೊಲೀಸರನ್ನು ಕಂಡು ಓಡಲಿಲ್ಲ. ಸೈಕಲ್ ಅವನ ಮುಂದೆಯೇ ನಿಂತಿತ್ತು. ಚೌಕಟ್ಟು ನೆಟ್ಟಗಾಗಿತ್ತು, ಕೆಂಪು ಬಣ್ಣ ಇನ್ನೂ ಹಸಿಯಾಗಿತ್ತು.

“ಕೀಲಿಕೈ?”

“ಹೆಂಡತಿ ಬ್ಯಾಗಿಂದ ತಗೊಂಡೆ. ಅವಳಿಗೆ ಗೊತ್ತಿಲ್ಲ.”

“ನಾಳೆ ವಿಚಾರಣೆ ಇರೋದು ಗೊತ್ತಿತ್ತಾ?”

“ಗೊತ್ತಿತ್ತು. ಅದಕ್ಕೇ ನಿನ್ನೆ ತಗೊಂಡು ಬಂದೆ.”

“ಯಾಕೆ?”

ಫಿಟ್ಟರ್ ಪಂಪನ್ನು ಬದಿಗಿಟ್ಟ. “ಊರೂರಿಗೂ ಒಯ್ದು ಜನರ ಮುಂದೆ ಇಡ್ತಿದ್ರು ಸಾರ್. ಪ್ರತಿ ಸಲ ನನ್ನ ಮಗಳು ಮತ್ತೆ ಬಿದ್ದ ಹಾಗೇ ಆಗ್ತಿತ್ತು. ಒಂದೇ ಒಂದ್ಸಲ ಎತ್ತಿ ನಿಲ್ಲಿಸ್ಬೇಕು ಅನ್ನಿಸ್ತು.”

ನಾಲ್ಕು ನಲವತ್ತಕ್ಕೆ ಬಂಧನದ ವಿಧಿ ಮುಗಿಸಿ, ಬಣ್ಣ ಕೈಗೆ ಅಂಟದಂತೆ ಸೈಕಲ್ಲನ್ನು ಎತ್ತಿ ಜೀಪಿಗೆ ಹಾಕಿದರು.

ಸುದ್ದಿ ತಿಳಿದು ನಿರ್ದೇಶಕಿ ಠಾಣೆಗೆ ಓಡಿಬಂದರು. ದೂರು ಹಿಂದಕ್ಕೆ ಪಡೆಯಬಹುದೇ ಎಂದು ಕೇಳಿದರು. ಅದನ್ನೀಗ ಕೋರ್ಟಿನಲ್ಲೇ ಕೇಳಬೇಕು, ನಾಳೆ ಮಧ್ಯಾಹ್ನ ಹಾಜರುಪಡಿಸುತ್ತೇವೆ ಎಂದರು ಇನ್‌ಸ್ಪೆಕ್ಟರ್. ನಿರ್ದೇಶಕಿಯ ಹಿಂದೆಯೇ ಬಂದ ತಾಯಿ ಮೂಲೆಯಲ್ಲಿದ್ದ ಸೈಕಲ್ಲನ್ನು ನೋಡಿದಳು. ಹತ್ತಿರ ಹೋಗಿ ಸೀಟಿನ ಮೇಲೆ ಕೈಯಿಟ್ಟಳು. ಆಮೇಲೆ ಬೆಂಚಿನ ಮೇಲಿದ್ದ ಗಂಡನ ಪಕ್ಕ ಬಂದು ಕೂತಳು.

“ನನ್ನನ್ನ ಒಂದು ಮಾತು ಕೇಳ್ಬಹುದಿತ್ತಲ್ಲ?”

“ಕೇಳಿದ್ರೆ ಕೊಡ್ತಿದ್ದೆಯಾ?”

ಅವಳು ಬಹಳ ಯೋಚಿಸಲಿಲ್ಲ. “ಇಲ್ಲ, ಕೊಡ್ತಿರ್ಲಿಲ್ಲ. ಆ ಗೇಟಿನ ಮುಂದೆ ವ್ಯಾನುಗಳು ಇವತ್ತಿಗೂ ಹಾಗೇ ಓಡ್ತಿವೆ.”

ಅವನು ತಲೆಯಾಡಿಸಿದ. ಜಗಳವಾಡಲು ಇಬ್ಬರಲ್ಲೂ ತ್ರಾಣವಿರಲಿಲ್ಲ. ಇಬ್ಬರಿಗೂ ಇದ್ದದ್ದು ಒಬ್ಬಳೇ ಮಗಳು. ಅವನ ಉಗುರಿನ ಸಂದಿಯಲ್ಲಿ ಅಂಟಿದ್ದ ಕೆಂಪು ಬಣ್ಣವನ್ನು ಅವಳು ಸೆರಗಿನಿಂದ ಒರೆಸಲು ನೋಡಿದಳು. ಅದು ಹೋಗಲಿಲ್ಲ.

ಅವಳು ಎದ್ದು ನಿಂತು, ಕೋರ್ಟಿನ ಹೊತ್ತು ಯಾವುದೆಂದು ಇನ್‌ಸ್ಪೆಕ್ಟರನ್ನು ಕೇಳಿದಳು.

“ಹನ್ನೊಂದಕ್ಕೆ ಸಮಿತಿ ಮುಂದೆ ಮಾತಾಡಿ ಮುಗಿಸಿ ಬರ್ತೀನಿ ಸಾರ್. ಇವರ ಜಾಮೀನಿಗೆ ನಾನೇ ನಿಲ್ತೀನಿ.”