ಬೆಳಕಿನ ದಾಹದ ಪೆಟ್ಟಿಗೆ

ಬಹಳ ಹಿಂದೆ, ಹೊಂಬಣ್ಣಪುರವೆಂಬ ರಾಜ್ಯದಲ್ಲಿ ಪದ್ಮಾಜಿ ಎಂಬ ರಾಜಕುಮಾರಿಯಿದ್ದಳು. ಅವಳ ಅಣ್ಣ ವೀರಮೋಹನನನ್ನು ಕರಿಗಣ್ಣನೆಂಬ ಮಾಂತ್ರಿಕನೊಬ್ಬ ಜಿಂಕೆಯಾಗಿಸಿ ತನ್ನ ಗುಹೆಗೆ ಒಯ್ದ. ಅಲ್ಲಿ ಅಂಥ ಜಿಂಕೆಗಳ ಹಿಂಡೇ ಇತ್ತು. ಅಣ್ಣನನ್ನು ಗುರುತಿಸಿ ಮುಟ್ಟಿದರೆ ಕರಿಗಣ್ಣನ ಮಾಯೆಯೆಲ್ಲ ಕಳಚುವುದು. ತಪ್ಪಿ ಬೇರೆಯದನ್ನು ಮುಟ್ಟಿದರೆ ಅವಳೂ ಜಿಂಕೆಯಾಗುವಳು.

ಅಣ್ಣನ ಜೇನುಬಣ್ಣದ ಕಣ್ಣು ಮಾತ್ರ ಬದಲಾಗಿಲ್ಲ, ಆದರೆ ಆ ಗುಹೆಯ ಮಬ್ಬಿನಲ್ಲಿ ಬಣ್ಣ ತಿಳಿಯದು ಎಂದ ಸೋದರತ್ತೆ, ಅವಳಿಗೊಂದು ಮಾಯದ ಪೆಟ್ಟಿಗೆ ಕೊಟ್ಟಳು. ಎದುರಿಗಿದ್ದುದರ ಚಿತ್ರ ಅದರ ಗಾಜಿನ ಮೇಲೆ ಮೂಡುತ್ತಿತ್ತು. ಪಕ್ಕದ ತಿರುಗಣೆ ಏರಿಸಿದರೆ ಪೆಟ್ಟಿಗೆಗೆ ಬೆಳಕಿನ ದಾಹ ಹೆಚ್ಚಿ ಕತ್ತಲಲ್ಲೂ ತಟ್ಟನೆ ಚಿತ್ರ ಮೂಡುವುದು, ಆದರೆ ಇಲ್ಲದ್ದೂ ಕಾಣುವುದು. ಇಳಿಸಿದರೆ ಬೆಳಕನ್ನು ನಿಧಾನವಾಗಿ ಕುಡಿದು ನಿಜವಾದ ಬಣ್ಣ ತೋರುವುದು.

ಅಣ್ಣನನ್ನು ಬಿಡಿಸಲು ಹೊರಟವಳಿಗೆ ಮೊದಲು ಮರಳುಗಾಡು ಅಡ್ಡ ಬಂತು. ಬಿಸಿಲಿನ ಝಳಕ್ಕೆ ದಾರಿಯೇ ಕಾಣದು. ಗಾಜಿನಲ್ಲೂ ಹಾಲು ಚೆಲ್ಲಿದಂತೆ ಬಿಳಿ. ಪದ್ಮಾಜಿ ತಿರುಗಣೆಯನ್ನು ಪೂರ್ತಿ ಇಳಿಸಿದಳು. ನೀಲಿ ಬೆಟ್ಟ, ಅದರತ್ತ ಹೋಗುವ ಕೆಂಪು ದಾರಿ ಮೂಡಿದವು. ದಾಟಿದಳು.

ಆಮೇಲೆ ಕಗ್ಗಾಡು. ಎರಡು ತಲೆಯ ಹುಲಿ ಹತ್ತಿರದಲ್ಲೆಲ್ಲೋ ಗುರುಗುಡುತ್ತಿತ್ತು. ಗಾಜು ಮಸಿಯಂತಿತ್ತು, ಕಾಯಲು ಹೊತ್ತಿರಲಿಲ್ಲ. ತಿರುಗಣೆ ಏರಿಸಿದಳು. ಚಿತ್ರದ ತುಂಬ ರವೆ ಚೆಲ್ಲಿದಂತೆ ಚುಕ್ಕೆಗಳು. ಆದರೂ ಹುಲಿ ಅಡಗಿದ್ದ ಪೊದೆ ತಿಳಿಯಿತು. ಇನ್ನೊಂದು ದಿಕ್ಕಿಗೆ ಓಡಿ ಪಾರಾದಳು.

ಕಡೆಗೆ ಗುಹೆ. ಸೋಲುವಳೆಂಬ ಖಾತ್ರಿಯಿಂದ ಕರಿಗಣ್ಣ ನಗುತ್ತಲೇ ಒಳಗೆ ಬಿಟ್ಟ. ಅವಳು ತಿರುಗಣೆ ಏರಿಸಿದಳು. ಜಿಂಕೆಗಳು ಬೆಳ್ಳಗೆ ಕಂಡವು, ಆದರೆ ಪ್ರತಿ ಕಣ್ಣಲ್ಲೂ ಕೆಂಪು, ಹಸಿರು, ಹಳದಿ ಚುಕ್ಕೆ. ಎಲ್ಲವೂ ಜೇನುಬಣ್ಣವೇ ಅನ್ನಿಸಿತು. ಇಳಿಸಿದರೆ, ಹೆದರಿ ಓಡಾಡುತ್ತಿದ್ದ ಹಿಂಡು ಬರೀ ಹೊಗೆಯಾಗಿ ಮೂಡಿತು.

ಪದ್ಮಾಜಿ ಪೆಟ್ಟಿಗೆಯನ್ನು ಬಂಡೆಯ ಮೇಲಿಟ್ಟು ಮಂಡಿಯೂರಿದಳು.

"ನೀವೆಲ್ಲ ಯಾರದೋ ಮನೆಯ ಮಕ್ಕಳು. ನಿಮ್ಮನ್ನು ಕರೆದುಕೊಂಡು ಹೋಗಲು ಬಂದಿದ್ದೇನೆ. ಸ್ವಲ್ಪ ಹೊತ್ತು ಕದಲದೆ ನಿಂತಿರಿ."

ಅವರು ಮನುಷ್ಯರೆಂದು ತಿಳಿದು ಅಲ್ಲಿ ಯಾರೂ ಮಾತಾಡಿಸಿರಲಿಲ್ಲ. ಹಿಂಡೆಲ್ಲ ನಿಂತಿತು. ಕರಿಗಣ್ಣನ ನಗುವೂ ನಿಂತಿತು. ಗಾಜಿನೊಳಗೆ ಬೆಳಕು ಹನಿಹನಿಯಾಗಿ ಇಳಿದು ಒಂದೊಂದೇ ಕಣ್ಣು ಮೂಡಿತು. ಕಪ್ಪು, ಕಪ್ಪು, ಮತ್ತೂ ಕಪ್ಪು. ಗೋಡೆಯ ಪಕ್ಕ ನಿಂತಿದ್ದ ಬಡಕಲು ಜಿಂಕೆಯದು ಮಾತ್ರ ಜೇನು.

ಅವಳು ಅದರ ಕೊರಳು ತಬ್ಬಿದಳು. "ಮನೆಗೆ ಹೋಗೋಣ ನಡಿ, ಅಣ್ಣ."

ಮಾಯೆ ಕಳಚಿತು. ಹಿಂಡೆಲ್ಲ ಮನುಷ್ಯರಾಗಿ ಒಬ್ಬರನ್ನೊಬ್ಬರು ನೋಡಿ ಅತ್ತರು, ನಕ್ಕರು. ಕರಿಗಣ್ಣ ಬೂದಿಯಾಗಿ ಉದುರಿದ.

ಹೊಂಬಣ್ಣಪುರದಲ್ಲಿ ಎಲ್ಲರಿಗೂ ಹೋಳಿಗೆ ತುಪ್ಪದ ಊಟವಾಯಿತು. ವೀರಮೋಹನ ಮಾತ್ರ ಹೋಳಿಗೆ ಪಕ್ಕಕ್ಕೆ ಸರಿಸಿ ಬಾಳೆಲೆಯನ್ನೇ ಮೇಯುತ್ತಿದ್ದ. ಕೆಲವು ದಿನಗಳಲ್ಲಿ ಅದೂ ಸರಿಹೋಯಿತು. ಬಿಡುಗಡೆಯಾದವರು ತಂತಮ್ಮ ಊರು ಸೇರಿದರು, ಅಣ್ಣ ತಂಗಿ ನಗುನಗುತ್ತಾ ನೂರು ಕಾಲ ಬಾಳಿದರು.